ಸೊಪ್ಪು ಕಟ್ಟುವವರಿಗೆ ಓದಿದ ವರ್ಷ

ಕಳೆದ ತಿಂಗಳು ಹುಣಸೂರಿನಿಂದ ಊರಿಗೆ ಬರುವ ಬಸ್ಸಿನಲ್ಲಿ ಒಬ್ಬ ಹೆಂಗಸು ನನ್ನ ಪಕ್ಕ ಬಂದು ಕೂತರು. ಎಲ್ಲೋ ಹೊಗೆಸೊಪ್ಪು ಕಟ್ಟಿ ಮುಗಿಸಿ ಮನೆಗೆ ಹೊರಟವರು. ಕೈ ತೊಳೆದಿದ್ದರು, ಆದರೆ ಹಸಿ ಸೊಪ್ಪಿನ ಅಂಟು ಒಂದು ಸಲ ತೊಳೆದರೆ ಹೋಗುವುದಲ್ಲ. ಉಗುರಿನ ಸುತ್ತ ಕಪ್ಪು ಉಳಿದಿತ್ತು. ಮಳೆ ಬರುತ್ತಿದ್ದರಿಂದ ಕಿಟಕಿಗಳೆಲ್ಲ ಮುಚ್ಚಿದ್ದವು, ಆ ಕಹಿ ವಾಸನೆ ನಮ್ಮಿಬ್ಬರ ನಡುವೆಯೇ ನಿಂತಿತು. ನನ್ನ ತೊಡೆಯ ಮೇಲೆ ಒಂದು ಪುಸ್ತಕ ಬಿಚ್ಚಿಕೊಂಡಿತ್ತು.

"ಏನ್ ಕತೆ ಅಕ್ಕ ಅದು?" ಅಂದರು.

ನಾನು ಪುಸ್ತಕ ಮುಚ್ಚಿ, "ಇನ್ನೂ ಮುಗಿದಿಲ್ಲ" ಅಂದೆ. ಅವರು ಕೇಳಿದ್ದಕ್ಕೆ ಅದು ಉತ್ತರವಲ್ಲ. ಅವರಿಗೆ ಏನನ್ನಿಸಿತೋ, ಮುಖ ಆಚೆ ತಿರುಗಿಸಿದರು. ಕತೆ ಏನೆಂದು ಯಾರಾದರೂ ಕೇಳಿದರೆ ನಾನು ಈಗ ಹೇಳುವುದಿಲ್ಲ. ಇದು ಮೂರು ವರ್ಷದಿಂದ ಹೀಗೆ.

ನಮ್ಮ ಊರು ಗಾವಡಗೆರೆ ಹೋಬಳಿಯದು. ಮಳೆ ನಂಬಿದ ಕೆಂಪು ಭೂಮಿ. ಹೊಗೆಸೊಪ್ಪು, ಅದರ ಹಿಂದೆಯೇ ರಾಗಿ, ಬೇಲಿಯ ಸಾಲಿಗೆ ಅವರೆ. ಮೂರು ವರ್ಷದ ಹಿಂದೆ, ಮಳೆಗಾಲದ ಶುರುವಿನಲ್ಲಿ, ಕೊಟ್ಟಿಗೆಯ ಮುಂದಿನ ಚಪ್ಪಡಿಯ ಮೇಲೆ ಜಾರಿ ಬಿದ್ದು ನನ್ನ ಎಡಗೈಯ ಮಣಿಕಟ್ಟು ಮುರಿಯಿತು. ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಹಾಕಿದರು. ಅದು ಬಿಚ್ಚಿದ ಮೇಲೂ ಬೆರಳುಗಳಿಗೆ ಹಿಡಿತ ಬರಲಿಲ್ಲ. ಸೊಪ್ಪು ಕಟ್ಟುವ ದಾರವನ್ನು ಎಳೆದು ಹಿಡಿಯಲಾರದವಳು ಆ ಹಂಗಾಮಿನಲ್ಲಿ ಮಾಡುವ ಕೆಲಸ ಏನೂ ಇರಲಿಲ್ಲ.

ಮದುವೆಗೆ ಮುಂಚೆ ಪಿಯುಸಿವರೆಗೆ ಓದಿದ್ದೆ. ಆಮೇಲೆ ಇಪ್ಪತ್ತೈದು ವರ್ಷ ನಾನು ಓದಿದ್ದೆಂದರೆ ಗೊಬ್ಬರದ ಚೀಲದ ಮೇಲಿನ ಅಕ್ಷರ ಮತ್ತು ಮದುವೆಯ ಕರೆಯೋಲೆ. ಸುಮ್ಮನೆ ಕೂತು ಎಲ್ಲರ ಕೆಲಸದಲ್ಲೂ ತಪ್ಪು ಹುಡುಕುತ್ತಿದ್ದ ನನ್ನನ್ನು ತಡೆಯಲಾರದೆ ನಮ್ಮ ಮನೆಯವರೇ ಪಂಚಾಯಿತಿ ಗ್ರಂಥಾಲಯದಿಂದ ಮೊದಲ ಪುಸ್ತಕ ತಂದರು. "ತಗಾ, ಇದ ಓದ್ಕಂಡು ಕೂತ್ಕೊ. ನನ್ ತಲೆ ತಿನ್ಬ್ಯಾಡ" ಅಂದರು. ಹಡಗಿನಲ್ಲಿ ಕೆಲಸಕ್ಕಿದ್ದ ಒಬ್ಬ ಅಡುಗೆಯವನ ನೆನಪುಗಳು ಅದರಲ್ಲಿದ್ದವು. ಎರಡು ದಿನದಲ್ಲಿ ಮುಗಿಸಿದೆ. ಮೂರನೆಯ ದಿನ ಕೊಡೆ ಹಿಡಿದುಕೊಂಡು ನಾನೇ ಗ್ರಂಥಾಲಯಕ್ಕೆ ಹೋದೆ. ಓದಿ ಮುಗಿಸಿದ ಪುಸ್ತಕದ ಹೆಸರನ್ನು ಹಳೆಯ ಕ್ಯಾಲೆಂಡರಿನ ಹಿಂದೆ ಬರೆದಿಡುತ್ತಿದ್ದೆ. ಸೊಪ್ಪು ಮುರಿಯುವ ಕಾಲ ಬಂದಾಗ ಆ ಹಾಳೆಯಲ್ಲಿ ಒಂಬತ್ತು ಹೆಸರಿದ್ದವು. ಅಷ್ಟು ಸಂತೋಷವಾಗಿ ನಾನು ಅದಕ್ಕೆ ಮುಂಚೆ ಇದ್ದದ್ದು ನೆನಪಿಲ್ಲ. ಇದನ್ನೂ ಹೇಳಬೇಕು.

ಹೊಲದಿಂದ ಮುರಿದು ತಂದ ಸೊಪ್ಪನ್ನು ಅಂದೇ ಕಡ್ಡಿಗೆ ಕಟ್ಟಿ ಬ್ಯಾರನ್ನಿಗೆ ಏರಿಸಬೇಕು. ಬ್ಯಾರನ್ ಅಂದರೆ ಸೊಪ್ಪು ಬೇಯಿಸಿ ಹದ ಮಾಡುವ ಎತ್ತರದ ಗೂಡು. ನಮ್ಮ ಬ್ಯಾರನ್ನಿನ ಮುಂದಿನ ತಗಡಿನ ಚಪ್ಪರದಲ್ಲಿ ಏಳೆಂಟು ಹೆಂಗಸರು ಬೆಳಗಿನಿಂದ ಸಂಜೆಯವರೆಗೆ ಕೂತು ಕಟ್ಟುತ್ತಾರೆ. ಎರಡು ಮೂರು ಎಲೆ ಸೇರಿಸಿ ತೊಟ್ಟಿಗೆ ದಾರ ಸುತ್ತಿ ಕಡ್ಡಿಯ ಈಚೆಗೊಂದು ಕಟ್ಟು, ಆಚೆಗೊಂದು ಕಟ್ಟು. ಒಂದು ಗಂಟೆ ಕಳೆಯುವುದರೊಳಗೆ ಕೈಗೆ ಅಂಟು ಹತ್ತಿ ಕಪ್ಪಗೆ ಮೇಣದ ಹಾಗಾಗುತ್ತದೆ. ಆ ಕೈಯಲ್ಲಿ ನೀರಿನ ಲೋಟವನ್ನೂ ಯಾರೂ ಮುಟ್ಟುವುದಿಲ್ಲ; ಮುಟ್ಟಿದ್ದೆಲ್ಲ ಕಹಿ.

ಅವರು ಹಾಡಿಗೆಂದು ಒಂದು ಮೊಬೈಲನ್ನು ಕಂಬಕ್ಕೆ ಕಟ್ಟಿದ್ದರು. ಬೆಳಗ್ಗೆ ಕೈ ಸ್ವಚ್ಛವಿದ್ದಾಗ ಹಚ್ಚಿದರೆ ಮುಗಿಯಿತು. ಆಮೇಲೆ ಹಾಡು ನಿಂತು ಮಂಡಿನೋವಿನ ಎಣ್ಣೆಯ ಜಾಹೀರಾತು ಶುರುವಾದರೆ ಅದನ್ನು ಒತ್ತಿ ಮುಂದೆ ಕಳಿಸಲು ಕಟ್ಟುವವರಲ್ಲಿ ಒಂದು ಒಳ್ಳೆಯ ಬೆರಳೂ ಇರುತ್ತಿರಲಿಲ್ಲ.

"ಆ ಎಣ್ಣೆ ಮಾರೋನ ಬಾಯ್ಗೆ ಒಂದ್ ಇಡಿ ಸೊಪ್ಪು ತುರುಕ್ರೇ ಯಾರಾರ" ಎಂದು ಒಂದು ದಿನ ನಿಂಗಜ್ಜಮ್ಮ ಕೂಗಿದರು. ಎಪ್ಪತ್ತು ದಾಟಿದ ಅವರೇ ಆ ಗುಂಪಿನ ಹಿರಿಯರು. ಮೂಲೆಯಲ್ಲಿ ಪುಸ್ತಕ ಹಿಡಿದು ಕೂತಿದ್ದ ನನ್ನ ಕಡೆ ತಿರುಗಿ, "ನೀನೊಬ್ಳೇ ಓದ್ಕಂಡು ಮುಸಿಮುಸಿ ನಗ್ತಾ ಇದ್ರೆ ನಾವೇನ್ ಗ್ವಾಡೆಗಳೇನವ್ವ ರತ್ನ? ಗಟ್ಟಿಯಾಗ್ ಓದು" ಅಂದರು.

ಹಾಗೆ ಶುರುವಾಯಿತು. ಮೊದಲು ಓದಿದ್ದು ಹಾವುಗಳ ಬಗ್ಗೆ ಒಂದು ಸಣ್ಣ ಪುಸ್ತಕ. ಹಾವು ಹಾಲು ಕುಡಿಯುವುದಿಲ್ಲ ಎಂಬ ಸಾಲು ಬಂದಾಗ ನಿಂಗಜ್ಜಮ್ಮನ ಕೈ ನಿಂತಿತು.

"ಕುಡಿಯಾಕಿಲ್ವಾ? ಅಂಗಾದ್ರೆ ನಾನ್ ಉತ್ತಕ್ಕೆ ಉಯ್ದಿದ್ದೆಲ್ಲ ಯಾರ್ ಕುಡುದ್ರು? ನಿಮ್ ಮಾವನಾ?"

ಚಪ್ಪರವೆಲ್ಲ ನಕ್ಕಿತು. ನಗು ನಿಂತ ಮೇಲೆ ಅವರು, "ದಿಟವಾಗ್ಲೂ ಅಂಗೇ ಬರ್ದದಾ?" ಎಂದು ಕೇಳಿದರು. ಬರೆದಿದೆ ಅಂದೆ. "ಬರ್ದದೆ ಅಂದ್ಮೇಲೆ ಮುಗೀತು ಬುಡು" ಎಂದು ಮತ್ತೆ ದಾರ ಎಳೆದರು. ಆ ಮಾತಿಗೆ ನಾನು ಅಂದು ಹೆಮ್ಮೆಪಟ್ಟೆ.

ಕಟ್ಟುವವರಲ್ಲಿ ಪುಟ್ಟತಾಯಿ ಮತ್ತು ಅವಳ ಮಗಳು ಸವಿತ ಇದ್ದರು. ಸವಿತಳಿಗೆ ಇಪ್ಪತ್ತಮೂರೋ ಇಪ್ಪತ್ತನಾಲ್ಕೋ. ಆ ವರ್ಷದ ಚೈತ್ರದಲ್ಲಿ ಕೆ.ಆರ್. ನಗರದ ಕಡೆಯ ಕಾಲುವೆ ಊರಿಗೆ ಕೊಟ್ಟಿದ್ದರು. ನಮ್ಮ ಒಣಭೂಮಿಯ ಕಡೆಯಿಂದ ನೀರಾವರಿಗೆ ಹೆಣ್ಣು ಹೋದರೆ ಅದೊಂದು ಗೆಲುವು. ಮೊದಲ ಆಷಾಢಕ್ಕೆ ವಾಡಿಕೆಯಂತೆ ತವರಿಗೆ ಬಂದಿದ್ದಳು. ಶ್ರಾವಣ ಹುಟ್ಟಿತು, ಅವಳು ಹೋಗಲಿಲ್ಲ. ಗೌರಿ ಹಬ್ಬ ಕಳೆಯಿತು, ಆಗಲೂ ಹೋಗಲಿಲ್ಲ. ಆಷಾಢಕ್ಕೆ ಬಂದವಳು ಗೌರಿ ಹಬ್ಬ ಕಳೆದರೂ ತವರಲ್ಲೇ ಇದ್ದರೆ ಊರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಚಪ್ಪರದಲ್ಲಿ ಯಾರೂ ಅವಳನ್ನು ಏನೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಗಣಪತಿ ಬಿಟ್ಟ ಮೇಲೆ ಒಂದು ಕಾದಂಬರಿ ಹಿಡಿದೆ. ಗ್ರಂಥಾಲಯದ ಕೆಳಗಿನ ಅರೆಯಲ್ಲಿ ಸಿಕ್ಕಿದ್ದು. ರಟ್ಟು ಹೋಗಿತ್ತು, ಮೊದಲ ಕೆಲವು ಪುಟಗಳೂ ಇರಲಿಲ್ಲ. ಹೆಸರೇನು, ಬರೆದವರು ಯಾರು ಎಂದು ನನಗೆ ಈಗಲೂ ಗೊತ್ತಿಲ್ಲ. ಕ್ಯಾಲೆಂಡರಿನ ಹಿಂದೆ 'ವಾರಿಜಳ ಕತೆ' ಎಂದು ಬರೆದುಕೊಂಡೆ. ವಾರಿಜ ಎಂಬ ಹೆಂಗಸು ಹೊಡೆಯುವ ಗಂಡನನ್ನು ಬಿಟ್ಟು, ಒಂದು ತಗಡಿನ ಪೆಟ್ಟಿಗೆ ಹಿಡಿದು ತವರಿಗೆ ನಡೆದು ಬರುತ್ತಾಳೆ. ಅಲ್ಲಿಂದ ಕತೆ.

ದಿನಕ್ಕೆ ಇಪ್ಪತ್ತು ಇಪ್ಪತ್ತೈದು ಪುಟ ಓದುತ್ತಿದ್ದೆ. ಹೆಂಗಸರು ವಾರಿಜಳನ್ನು ತಮ್ಮ ಬೀದಿಯವಳೆಂಬಂತೆ ಬೈದರು, ಹೊಗಳಿದರು. ಸವಿತ ಮಾತ್ರ ದಿನ ಮುಗಿದಾಗ ಒಂದೇ ಪ್ರಶ್ನೆ ಕೇಳುತ್ತಿದ್ದಳು.

"ಅಕ್ಕಾ, ವಾರಿಜ ವಾಪಸ್ ಓಯ್ತಳಾ?"

"ವಾಪಸ್ ಓದ್ರೆ ನಿಂಗೇನೇ, ಉಳುದ್ರೆ ನಿಂಗೇನೇ? ಅವಳೇನ್ ನಿನ್ ನಾದಿನಿಯಾ?" ಎಂದು ಪಕ್ಕದವಳು ಕಿಚಾಯಿಸುತ್ತಿದ್ದಳು. ಸವಿತಳೂ ನಗುತ್ತಿದ್ದಳು. ಆದರೆ ಮರುದಿನ ಮತ್ತೆ ಕೇಳುತ್ತಿದ್ದಳು.

ಒಂದು ಮಧ್ಯಾಹ್ನ, ವಾರಿಜಳ ಗಂಡ ಬಾಗಿಲು ಹಾಕಿಕೊಂಡು ಕೈ ಎತ್ತುವ ಹಳೆಯ ಸಂಗತಿ ಓದುತ್ತಿದ್ದೆ. ತಗಡಿನ ಮೇಲೆ ಮಳೆ ಜೋರಾಗಿದ್ದರಿಂದ ಗಂಟಲು ಎತ್ತರಿಸಿಯೇ ಓದಬೇಕಿತ್ತು. ಸವಿತಳ ಕೈಯಲ್ಲಿ ದಾರ ಸಡಿಲಾಯಿತು. ಅರ್ಧ ಕಟ್ಟಿದ ಕಡ್ಡಿಯಿಂದ ಸೊಪ್ಪು ಒಂದೊಂದೇ ಜಾರಿ ಅವಳ ತೊಡೆಯ ಮೇಲೆ ಬಿತ್ತು. ಅವಳು ಎತ್ತಿಕೊಳ್ಳಲಿಲ್ಲ. ಪುಟ್ಟತಾಯಿ ಮಗಳ ಮುಖ ನೋಡದೆ ಆ ಸೊಪ್ಪನ್ನು ತನ್ನ ಕಡೆ ಎಳೆದುಕೊಂಡು ತಾನೇ ಕಟ್ಟಿದಳು. ಇದನ್ನು ನಾನು ನೋಡಿದೆ. ಓದು ನಿಲ್ಲಿಸಲಿಲ್ಲ.

ಪಿತೃಪಕ್ಷ ಮುಗಿಯುವ ಹೊತ್ತಿಗೆ ಹೊಲದಲ್ಲಿ ತುದಿಸೊಪ್ಪು ಮಾತ್ರ ಉಳಿದಿತ್ತು. ಕಾದಂಬರಿಯಲ್ಲೂ ಒಂದು ದಿನದ ಓದು ಉಳಿದಿತ್ತು. ಆ ಸಂಜೆ ಪುಟ್ಟತಾಯಿ ಅಂಟು ಬಿಡಿಸಲು ಕೈಗೆ ಹುಣಸೆಹಣ್ಣು ಉಜ್ಜಿಕೊಳ್ಳುತ್ತ ನನ್ನ ಹತ್ತಿರ ಬಂದಳು.

"ಸ್ವಾಮಾರ ಅವರ ಕಡೆಯೋರು ನಾಕ್ ಜನ ಬತ್ತಾವ್ರೆ ರತ್ನಕ್ಕ, ಕರ್ಕಂಡೋಗಕ್ಕೆ. ಇವ್ಳು ಬಾಯೇ ಬುಡಾಕಿಲ್ಲ. ನಮ್ ಮಾತಂತೂ ಕಿವಿಗೆ ಆಕ್ಕಳಾಕಿಲ್ಲ. ನೀವ್ ಓದಾದ ಮಾತ್ರ ಬಾಯ್ ಬುಟ್ಕಂಡು ಕೇಳ್ತಳೆ. ನಾಳೆ ಕತೆ ಮುಗಿತದಂತಲ್ಲ? ಚೆಂದಾಗಿ ಮುಗಿಸ್ರವ್ವ" ಅಂದಳು.

ಅಷ್ಟೇ ಅವಳು ಕೇಳಿದ್ದು. ಸುಳ್ಳು ಓದಿ ಎಂದು ಕೇಳಲಿಲ್ಲ. ಪುಸ್ತಕದಲ್ಲಿ ಇರುವುದನ್ನು ಬದಲಾಯಿಸಬಹುದು ಎಂದು ಅವಳಿಗೆ ತಿಳಿದೂ ಇರಲಿಲ್ಲ.

ಮರುದಿನ ಓದುವ ಪುಟಗಳನ್ನು ಹಿಂದಿನ ದಿನವೇ ಒಮ್ಮೆ ನೋಡಿಕೊಳ್ಳುವುದು ನನ್ನ ಪದ್ಧತಿ. ಅಂದೂ ನೋಡಿದೆ. ಹಾಗಾಗಿ ಓದುವಾಗ ಬಾಯಿ ತಪ್ಪಿತು ಎಂದು ಹೇಳಿಕೊಳ್ಳುವ ದಾರಿ ನನಗಿಲ್ಲ. ಪುಸ್ತಕದ ಕೊನೆಯಲ್ಲಿ ವಾರಿಜಳ ಗಂಡ ಅವಳನ್ನು ಕರೆದೊಯ್ಯಲು ಬಂದು ಜಗಲಿಯ ಮೇಲೆ ಕೂರುತ್ತಾನೆ. ಅವಳು ಹೊರಗೆ ಬಂದು ಅವನ ಮುಂದೆ ಒಂದು ಚೊಂಬು ನೀರು ಇಟ್ಟು, ಏನೂ ಮಾತಾಡದೆ ಒಳಗೆ ಹೋಗಿ ಅಗುಳಿ ಹಾಕಿಕೊಳ್ಳುತ್ತಾಳೆ. ನೀರು ಕುಡಿದು ಅವನು ಎದ್ದು ಹೋಗುತ್ತಾನೆ. ಅಲ್ಲಿಗೆ ಮುಗಿಯುತ್ತದೆ.

ಮರುದಿನ ಚಪ್ಪರದಲ್ಲಿ ಹಬ್ಬದ ಗೆಲುವಿತ್ತು. ಹಂಗಾಮಿನ ಕೊನೆಯ ಕಟ್ಟು. ನಾನು ಎಲ್ಲರಿಗೂ ಪಾಯಸ ಮಾಡಿಸಿದ್ದೆ. ಮಧ್ಯಾಹ್ನ ಕೊನೆಯ ಪುಟಕ್ಕೆ ಬಂದೆ. ಗಂಡ ಜಗಲಿಯ ಮೇಲೆ ಕೂತ. ವಾರಿಜ ಚೊಂಬು ಇಟ್ಟಳು. ನಾನು ಉಸಿರು ತೆಗೆದುಕೊಳ್ಳಲು ನಿಂತೆ. ಎಲ್ಲರ ಕೈಗಳೂ ನಿಂತಿದ್ದವು. ನಿಂಗಜ್ಜಮ್ಮ ಕತ್ತು ಮುಂದೆ ಚಾಚಿದ್ದರು. ಪುಟ್ಟತಾಯಿ ನನ್ನನ್ನೇ ನೋಡುತ್ತಿದ್ದಳು. ಸವಿತ ತಲೆ ತಗ್ಗಿಸಿದ್ದಳು.

ಆಗ ನಾನು ಪುಟದ ಮೇಲೆ ಕಣ್ಣಿಟ್ಟುಕೊಂಡೇ ಅಲ್ಲಿ ಇಲ್ಲದ್ದನ್ನು ಓದಿದೆ. ಗಂಡ ಚೊಂಬನ್ನು ಪಕ್ಕಕ್ಕಿಟ್ಟು ಕಣ್ಣೀರು ಹಾಕಿದ, ತಪ್ಪಾಯಿತು ಅಂದ, ವಾರಿಜ ಒಳಗಿನಿಂದ ಪೆಟ್ಟಿಗೆ ತಂದಳು, ಇಬ್ಬರೂ ಹೊಲದ ದಾರಿಯಲ್ಲಿ ನಡೆದು ಹೋದರು ಎಂದೆ. ನನ್ನ ದನಿ ಎಲ್ಲೂ ತಡವರಿಸಲಿಲ್ಲ. ಮೂರು ತಿಂಗಳ ಅಭ್ಯಾಸದಿಂದ ಪುಸ್ತಕದ ಮಾತು ನನ್ನ ಬಾಯಿಗೆ ಬಂದಿತ್ತು.

ಯಾಕೆ ಹಾಗೆ ಮಾಡಿದೆ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಪುಟ್ಟತಾಯಿಯ ಮಾತು ಒಂದು ಕಾರಣ. ಹುಡುಗಿಗೆ ಒಳ್ಳೆಯದಾಗಲಿ ಎಂಬುದೂ ಇತ್ತು. ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಎಲ್ಲಕ್ಕಿಂತ ಹೆಚ್ಚಾಗಿ, ಆ ಏಳೆಂಟು ಮುಖಗಳು ಬಾಡುವುದನ್ನು ನೋಡುವ ಧೈರ್ಯ ನನಗಿರಲಿಲ್ಲ. ಮೂರು ತಿಂಗಳಿಂದ ಅವರು ನನ್ನನ್ನು ಮೆಚ್ಚಿಕೊಂಡಿದ್ದರು. ಅದನ್ನು ಕಳೆದುಕೊಳ್ಳಲು ಇಷ್ಟವಿರಲಿಲ್ಲ.

"ಬಾಳಾಟ ಅಂದ್ರೆ ಅದು ಕಣ್ರವ್ವ" ಎಂದು ನಿಂಗಜ್ಜಮ್ಮ ಮೊಣಕೈಯಿಂದ ಕಣ್ಣು ಒರೆಸಿಕೊಂಡರು. ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ಆ ಗಲಾಟೆಯ ನಡುವೆ ಸವಿತ ತಲೆ ಎತ್ತಿದಳು.

"ಆಮ್ಯಾಕೆ ಅವ್ನು ಒಡೀನಿಲ್ವಾ ಅಕ್ಕ?"

ಪುಸ್ತಕ ಇನ್ನೂ ಬಿಚ್ಚಿಕೊಂಡೇ ಇತ್ತು. ನಾನು ಮತ್ತೆ ಅದರತ್ತ ನೋಡಿದೆ, ಹುಡುಕುವವಳ ಹಾಗೆ. "ಇಲ್ಲ" ಅಂದೆ.

ಅವಳು ಹತ್ತನೇ ತರಗತಿ ಓದಿದವಳು. ಕೈ ಚಾಚಿ ಪುಸ್ತಕ ತೆಗೆದುಕೊಂಡಿದ್ದರೆ ಅರ್ಧ ನಿಮಿಷದಲ್ಲಿ ತಿಳಿಯುತ್ತಿತ್ತು. ಆದರೆ ಎರಡೂ ಅಂಗೈಯಲ್ಲಿ ಅಂಟು ಮೆತ್ತಿತ್ತು. ಗ್ರಂಥಾಲಯದ ಪುಸ್ತಕವನ್ನು ಆ ಕೈಯಲ್ಲಿ ಮುಟ್ಟಬಾರದು ಎಂದು ಮೊದಲ ದಿನವೇ ಹೇಳಿದ್ದವಳು ನಾನು.

ಸೋಮವಾರ ಅವರು ಬಂದರು. ಆಯುಧಪೂಜೆಗೆ ಮುಂಚೆ ಸವಿತ ಹೋದಳು. ನಮ್ಮ ಬಾಗಿಲಿಗೆ ಬಂದು "ಓಗ್ಬತ್ತೀನಿ ಅಕ್ಕ" ಎಂದು ಹೇಳಿ ಹೋದಳು. ಹೊಸ ಬಳೆ ತೊಟ್ಟಿದ್ದಳು.

ಆಮೇಲೆ ನಾನು ಇನ್ನೂ ಐದಾರು ಪುಸ್ತಕ ಓದಿದೆ. ಹಾಳೆಯಲ್ಲಿ ಹೆಸರುಗಳಿವೆ, ಒಳಗೇನಿತ್ತು ಎಂದು ಕೇಳಿದರೆ ಹೇಳಲಾರೆ. ರಟ್ಟಿಲ್ಲದ ಪುಸ್ತಕವನ್ನು ಮಾತ್ರ ಹಿಂದಿರುಗಿಸಲಿಲ್ಲ. ಗ್ರಂಥಾಲಯದವರೂ ಕೇಳಲಿಲ್ಲ.

ಸಂಕ್ರಾಂತಿಯ ಮಾರನೆಯ ದಿನ ನಿಂಗಜ್ಜಮ್ಮ ಬಂದು ಜಗಲಿಯ ಮೇಲೆ ಕೂತರು. ಎಳ್ಳು ಬೆಲ್ಲ ಕೊಟ್ಟೆ. ಕೈಯಲ್ಲೇ ಹಿಡಿದುಕೊಂಡಿದ್ದರು, ಬಾಯಿಗೆ ಹಾಕಲಿಲ್ಲ.

"ಪುಟ್ಟತಾಯಿ ಮಗಳ ಮೈಸೂರಾಸ್ಪತ್ರೆಗೆ ಸೇರ್ಸವ್ರಂತೆ. ಕಪಾಳಕ್ಕೆ ಬುಟ್ಟವ್ನೆ, ಕಿವಿ ತಮಟೆ ಅರ್ದೋಗದೆ. ಮೂರ್ ದಿನ ಯಾರ್ಗೂ ಯೋಳ್ದೆ ಮನೀಕಂಡಿತ್ತಂತೆ ಮೊಗ. ಕೀವು ಬಂದ್ಮೇಲೆ ಗೊತ್ತಾಗಿರಾದು."

ಕತೆ ಕೇಳಿದ್ದಕ್ಕೇ ಸವಿತ ಹೋದಳು ಎಂದು ಹೇಳಿದರೆ ನನಗೆ ಇಲ್ಲದ ಶಕ್ತಿಯನ್ನು ನಾನು ಕೊಟ್ಟುಕೊಂಡಂತೆ. ಅವ್ವ ಹೇಳಿದ್ದಳು, ಅಪ್ಪ ಹೇಳಿದ್ದ, ನಾಲ್ಕು ಜನ ಬಂದು ಕೂತು ಮಾತಾಡಿದ್ದರು. ಕತೆ ಇಲ್ಲದಿದ್ದರೂ ಅವಳು ಹೋಗುತ್ತಿದ್ದಳೇನೋ. ಆದರೆ ಅಷ್ಟು ಜನ ಹೋಗು ಎನ್ನುತ್ತಿದ್ದಾಗ, ಹೋಗದಿದ್ದ ಒಬ್ಬ ಹೆಂಗಸು ನನ್ನ ಕೈಯಲ್ಲಿದ್ದ ಪುಟದಲ್ಲಿದ್ದಳು. ಅವಳನ್ನು ನಾನು ಸವಿತಳಿಗೆ ತೋರಿಸಲಿಲ್ಲ.

ಸವಿತ ತವರಿಗೆ ಬಂದಳು ಎಂದು ತಿಳಿದ ಮೇಲೂ ನಾನು ತಿಂಗಳುಗಟ್ಟಲೆ ಅವರ ಮನೆಯ ಕಡೆ ಹೋಗಲಿಲ್ಲ. ಅಷ್ಟು ದಿನ ಓದುವುದನ್ನೂ ಬಿಟ್ಟಿದ್ದೆ. ಯುಗಾದಿ ಕಳೆದು ಸಸಿಮಡಿಗಳಲ್ಲಿ ಹೊಗೆಸೊಪ್ಪಿನ ಸಸಿ ಎರಡೆಲೆ ಬಿಟ್ಟಿತ್ತು. ಕಳೆ ತೆಗೆಯಲು ಬಂದವರಲ್ಲಿ ಸವಿತಳೂ ಇದ್ದಾಳೆ ಎಂದು ನಮ್ಮ ಮನೆಯವರು ಹೇಳಿದರು. ಪುಸ್ತಕವನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿಕೊಂಡು ಕೆರೆ ಹಿಂದಿನ ಮಡಿಗಳ ಹತ್ತಿರ ಹೋದೆ.

ಬೆಳಗಿನ ಬಿಸಿಲು. ಅದೇ ಹೆಂಗಸರು, ಒಬ್ಬೊಬ್ಬರು ಒಂದೊಂದು ಮಡಿಯ ಬದುವಿನಲ್ಲಿ ಕೂತಿದ್ದರು. ಸವಿತ ಕೊನೆಯ ಮಡಿಯಲ್ಲಿ ಒಬ್ಬಳೇ ಇದ್ದಳು. ಮೈ ಇಳಿದುಹೋಗಿತ್ತು. ಅವಳ ಪಕ್ಕ ಕುಕ್ಕರುಗಾಲಿನಲ್ಲಿ ಕೂತು, ಬೇರೆಯವರಿಗೆ ಕೇಳದ ಹಾಗೆ, ಮೂರು ತಿಂಗಳು ಮನಸ್ಸಿನಲ್ಲೇ ಜೋಡಿಸಿಟ್ಟಿದ್ದ ಮಾತನ್ನು ಹೇಳಿದೆ.

ಅವಳು ಹುಲ್ಲು ಕೀಳುತ್ತಲೇ ಇದ್ದಳು. ನನ್ನ ಕಡೆ ತಿರುಗಲೂ ಇಲ್ಲ. ಇನ್ನೊಮ್ಮೆ ಹೇಳಿದೆ. ಆಗ ನನ್ನ ನೆರಳು ಕಂಡು ಬೆಚ್ಚಿ ನೋಡಿದಳು.

"ಅಯ್ಯೋ, ಯಾವಾಗ್ ಬಂದ್ರಿ ಅಕ್ಕ? ಈ ಕಡೆ ಕಿವಿ ಕೇಳಾಕಿಲ್ಲ. ಒಸಿ ಗಟ್ಟಿಯಾಗ್ ಯೋಳಿ."

ಪಕ್ಕ ಬದಲಿಸಬಹುದಿತ್ತು. ಅದು ಆಮೇಲೆ ಹೊಳೆಯಿತು. ಆಗ ನಾನು ಕೂತಲ್ಲೇ ಕೂತು ಗಟ್ಟಿಯಾಗಿ ಹೇಳಿದೆ, ತಗಡಿನ ಮೇಲೆ ಮಳೆ ಬೀಳುವಾಗ ಓದುತ್ತಿದ್ದಷ್ಟು ಗಟ್ಟಿಯಾಗಿ. "ವಾರಿಜ ವಾಪಸ್ ಹೋಗಲಿಲ್ಲ ಸವಿತ. ಅವತ್ತು ನಾನು ಓದಿದ್ದು ಪುಸ್ತಕದಲ್ಲಿ ಇರಲಿಲ್ಲ. ಅವನು ಮತ್ತೆ ಹೊಡೆಯಲಿಲ್ಲ ಅಂದದ್ದೂ ಸುಳ್ಳು."

ಎಲ್ಲ ಮಡಿಗಳಲ್ಲೂ ಕೈಗಳು ನಿಂತವು. ಪುಟ್ಟತಾಯಿ ಎದ್ದು ನಿಂತಳು.

"ಈಗ್ಯಾಕ್ ಯೋಳಕ್ ಬಂದ್ರಿ?" ಅಂದಳು. "ಆಗೋಗದೆ ಎಲ್ಲ. ಈಗ್ಯಾಕೆ? ನಾನ್ ಚೆಂದಾಗಿ ಮುಗ್ಸಿ ಅಂದ್ನೇ ಒರ್ತು..." ಎಂದು ಅರ್ಧಕ್ಕೇ ನಿಲ್ಲಿಸಿ, ಮಡಿಯ ಮೇಲೆ ಹೊದಿಸಿದ್ದ ಹುಲ್ಲನ್ನು ಸುಮ್ಮನೆ ಸರಿ ಮಾಡತೊಡಗಿದಳು.

ಸವಿತ ಅವ್ವನನ್ನೂ ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ಪಕ್ಕದಲ್ಲಿದ್ದ ನೀರಿನ ಡಬ್ಬದಲ್ಲಿ ಕೈ ಅದ್ದಿ ಸೆರಗಿಗೆ ಒರೆಸಿಕೊಂಡಳು. "ಕೊಡಿ ಇಲ್ಲಿ" ಅಂದಳು.

ಕೊನೆಯ ಪುಟ ತೆಗೆದು ಕೊಟ್ಟೆ. ಅವಳು ನಿಧಾನವಾಗಿ, ತುಟಿ ಆಡಿಸುತ್ತ ಓದಿದಳು. ಮುಗಿದ ಮೇಲೆ ಮತ್ತೆ ಮೇಲಿನಿಂದ ಓದಿದಳು. ಪುಟ ತಿರುಗಿಸಿ ಹಿಂದೆ ನೋಡಿದಳು. ಖಾಲಿ ಹಾಳೆ.

"ಮುಂದ್ಕಿಲ್ವಾ?"

"ಇಲ್ಲ. ಅಷ್ಟೇ."

"ಅಗುಳಿ ಆಕ್ಕಂಡ್ಳು, ಸರಿ. ಆಮ್ಯಾಕೆ ಇಟ್ಟಿಗೇನ್ ಮಾಡ್ಕಂಡ್ಳು?"

ಆಮೇಲೆ ಅವಳು ತುತ್ತಿಗೆ ಏನು ಮಾಡಿಕೊಂಡಳು ಎಂದು ನಾನು ಯೋಚಿಸಿರಲೇ ಇಲ್ಲ. ಹೊಲಿಗೆ ಕಲಿತಳು ಎಂದು ಹೇಳಬಹುದಿತ್ತು. ಅಂಗನವಾಡಿಯಲ್ಲಿ ಕೆಲಸ ಸಿಕ್ಕಿತು ಎನ್ನಬಹುದಿತ್ತು. ಎರಡೂ ನಾಲಗೆಯ ತುದಿಗೇ ಬಂದಿದ್ದವು, ಅಷ್ಟು ಸಲೀಸಾಗಿ ಬಂದಿದ್ದಕ್ಕೆ ನನಗೆ ಭಯವಾಯಿತು.

"ಅದು ಬರೆದಿಲ್ಲ" ಅಂದೆ. ಅವಳಿಗೆ ಕೇಳಿಸಿತೋ ಇಲ್ಲವೋ ಎಂದು ಇನ್ನೊಮ್ಮೆ, ಗಟ್ಟಿಯಾಗಿ, "ಬರೆದಿಲ್ಲ ಸವಿತ. ನನಗೂ ಗೊತ್ತಿಲ್ಲ" ಅಂದೆ.

ಅವಳು ಪುಸ್ತಕ ಮುಚ್ಚಿ ನನ್ನ ಕೈಗೆ ಕೊಟ್ಟಳು.

"ಬುಡಿ ಅತ್ಲಾಗೆ. ಅದ ನಾನೇ ನೋಡ್ಕತೀನಿ" ಎಂದು ಹೇಳಿ, ಮಡಿಯ ಕಡೆ ಬಾಗಿ ಸಸಿಗಳ ನಡುವೆ ಬೆರಳು ಇಳಿಸಿದಳು.